ಅದರ ಜಾಗದಲ್ಲೇ ಇದೆ

ಶನಿವಾರ ಮಧ್ಯಾಹ್ನ ವಾಚ್‌ಮನ್ ಕ್ಲಿನಿಕ್ಕಿನ ಶಟರ್ ಎಳೆದದ್ದು ನನಗೆ ಕೇಳಿಸಲಿಲ್ಲ. ಕೇಳಿಸಬಾರದು ಎಂದೇ ಆ ಕೋಣೆಯನ್ನು ಕಟ್ಟಿದ್ದಾರೆ.

ನಾನು ಕಿವಿ ಪರೀಕ್ಷೆ ಮಾಡುವವಳು. ಕಿವಿ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗದಲ್ಲಿ ನನ್ನದೊಂದು ಕೋಣೆ, ಆ ಕೋಣೆಯೊಳಗೆ ಬೀರುವಿಗಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ಕೋಣೆ. ಅದರ ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ದಪ್ಪನೆಯ ಬಾಗಿಲು, ಎರಡು ಪದರ ಗಾಜಿನ ಒಂದು ಕಿಟಕಿ. ಪರೀಕ್ಷೆಗೆ ಬಂದವರು ಅದರೊಳಗೆ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ನಾನು ಹೊರಗೆ ಕೂತು ಮೆಷಿನ್ನಿನಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ. ಕೇಳಿಸಿದರೆ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು, ಒತ್ತಿದರೆ ನನ್ನ ಮೆಷಿನ್ನಿನಲ್ಲಿ ಪುಟ್ಟ ದೀಪ ಹತ್ತುತ್ತದೆ. ಹೊರಗೆ ಲಾರಿ ಹಾರ್ನ್ ಹೊಡೆದರೂ ಒಳಗೆ ಕೇಳಲ್ಲ, ಒಳಗೆ ನೀವು ಬೊಬ್ಬೆ ಹೊಡೆದರೂ ಹೊರಗೆ ಕೇಳಲ್ಲ ಎಂದು ಬಂದವರ ಮುಂದೆಲ್ಲ ನಾನೇ ಕೊಚ್ಚಿಕೊಳ್ಳುತ್ತಿದ್ದೆ. ಆ ದಿನ ಹೆಡ್‌ಫೋನಿನ ಮೆತ್ತೆ ಒರೆಸಲು ಒಳಗೆ ಹೋದೆ. ಬಾಗಿಲು ಅದರ ಪಾಡಿಗೆ ಮುಚ್ಚಿಕೊಂಡಿತು. ಒರೆಸಿ ಮುಗಿಸಿ ಹಿಡಿಕೆ ತಿರುಗಿಸಿದರೆ, ಹಿಡಿಕೆಯು ಅದರ ಹಿಂದಿನ ಕಬ್ಬಿಣದ ಕಂಬಿ ಸಮೇತ ಕೈಗೆ ಬಂತು.

ಮೊದಲು ನಗು ಬಂತು. ಯಾರಾದರೂ ಬಂದು ತೆಗೆಯುತ್ತಾರೆ, ಅದಕ್ಕೇನಂತೆ ಎಂದು ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ನೆನಪಾಯಿತು: ಡಾಕ್ಟರು ಆಗಲೇ ಹೊರಟುಹೋಗಿದ್ದಾರೆ, ಮುಂದಿನ ಮೇಜಿನ ಹುಡುಗಿ ಅವರಿಗಿಂತ ಮೊದಲೇ ಕಾಲು ಕಿತ್ತಿದ್ದಾಳೆ, ಉಳಿದವನು ವಾಚ್‌ಮನ್ ಒಬ್ಬನೇ. ನಾಳೆ ಭಾನುವಾರ. ಸೋಮವಾರ ಬೆಳಿಗ್ಗೆಯವರೆಗೆ ಈ ಶಟರ್ ಮೇಲೇಳುವುದಿಲ್ಲ.

ವಾಚ್‌ಮನ್ ಬಂದೇ ಬರುತ್ತಾನೆ ಎಂದು ಧೈರ್ಯ ತಂದುಕೊಂಡೆ. ಮುಚ್ಚುವ ಮೊದಲು ಒಂದೊಂದು ಕೋಣೆಯ ಬಾಗಿಲನ್ನೂ ತೆರೆದು ‘ಯಾರಿದ್ದೀರಾ?’ ಎಂದು ಕೂಗುವುದು ಅವನ ಪದ್ಧತಿ. ಅದು ಹೋದ ವರ್ಷದ ಮಾತು ಎಂದು ಆಮೇಲೆ ಹೊಳೆಯಿತು. ಆ ಪದ್ಧತಿಯನ್ನು ನಿಲ್ಲಿಸಿದವಳು ನಾನೇ. ಇಷ್ಟು ಸಣ್ಣ ಜಾಗಕ್ಕೆ ಅಷ್ಟೆಲ್ಲ ಓಡಾಟ ಯಾಕೆ, ಅವರವರ ಕೋಣೆ ಖಾಲಿಯಾದಾಗ ಅವರವರೇ ಫೋನಿನಲ್ಲಿ ಒತ್ತಿದರೆ ವಾಚ್‌ಮನ್ನಿನ ಫೋನಿನಲ್ಲಿ ಹಸಿರು ಗುರುತು ಬರುತ್ತದೆ, ಎಲ್ಲ ಹಸಿರಾದರೆ ಬೀಗ ಹಾಕಲಿ ಎಂದು ಡಾಕ್ಟರಿಗೆ ತೋರಿಸಿಕೊಟ್ಟಿದ್ದೆ. ಡಾಕ್ಟರು ಭೇಷ್ ಅಂದಿದ್ದರು. ವಾಚ್‌ಮನ್ ಅಂದಿನಿಂದ ನನ್ನನ್ನು ‘ಸಿಸ್ಟಂ ಮೇಡಂ’ ಎಂದು ಕರೆಯುತ್ತಾನೆ. ಹೊಗಳಿಕೆಯೋ ಗೇಲಿಯೋ, ನಾನು ಕೇಳಲು ಹೋಗಿರಲಿಲ್ಲ. ಎಲ್ಲವನ್ನೂ ಮುಂದಾಗಿಯೇ ಮಾಡಿಟ್ಟುಬಿಡುವುದು ನನ್ನ ಅಭ್ಯಾಸ. ಹಾಗಾಗಿ ಒರೆಸಲು ಒಳಗೆ ಹೋಗುವ ಮೊದಲೇ ನನ್ನ ಕೋಣೆಯ ಹಸಿರು ಗುರುತನ್ನೂ ಒತ್ತಿದ್ದೆ.

ತಲೆಯ ಮೇಲೆ ಗಾಳಿ ತರುವ ಸಣ್ಣ ಫ್ಯಾನ್ ತಿರುಗುತ್ತಿತ್ತು. ಅದು ನಿಧಾನವಾಗಿ ನಿಂತಿತು, ದೀಪವೂ ಆರಿತು. ವಾಚ್‌ಮನ್ ಮೇನ್ ಸ್ವಿಚ್ ಆರಿಸಿ ಹೋಗಿದ್ದಾನೆ ಎಂದು ಗೊತ್ತಾದದ್ದು ಹೀಗೆ. ಹೊರ ಕೋಣೆಯ ಕಿಟಕಿಯಿಂದ ಬರುವ ಬಿಸಿಲು ಗಾಜಿನ ಮೂಲಕ ಒಂದಿಷ್ಟು ಒಳಗೂ ಬೀಳುತ್ತಿತ್ತು. ಎದ್ದು ಕಂಬಿಯನ್ನು ಮತ್ತೆ ತೂತಿಗೆ ತೂರಿಸಿ ತಿರುಗಿಸಿದೆ, ತುದಿ ಸವೆದುಹೋಗಿದ್ದರಿಂದ ಅದು ಹಿಡಿಯಲಿಲ್ಲ. ಬಾಗಿಲು ಬಡಿದೆ. ಮೆತ್ತನೆಯ ಹೊದಿಕೆ ನನ್ನ ಹೊಡೆತವನ್ನು ದಿಂಬಿನ ಹಾಗೆ ನುಂಗಿಕೊಂಡಿತು. ಪ್ಲಾಸ್ಟಿಕ್ ಕುರ್ಚಿ ಎತ್ತಿ ಗಾಜಿಗೆ ಬೀಸಿದೆ. ಕುರ್ಚಿಯ ಕಾಲು ಮುರಿಯಿತು, ಗಾಜಿಗೆ ಗೀರೂ ಬೀಳಲಿಲ್ಲ. ಇಷ್ಟು ಒಳ್ಳೆಯ ಗಾಜು ಹಾಕಿಸಿದ್ದಕ್ಕೆ ಡಾಕ್ಟರನ್ನು ಆ ಹೊತ್ತಿನಲ್ಲಿ ಮನಸಾರೆ ಬೈದೆ.

ನನ್ನ ಫೋನು ಎದುರಿಗೇ ಇತ್ತು. ಗಾಜಿನಾಚೆ, ಮೆಷಿನ್ ಪಕ್ಕದಲ್ಲಿ, ಸ್ಟ್ಯಾಂಡಿನ ಮೇಲೆ, ನನ್ನ ಕಡೆಗೇ ಮುಖ ಮಾಡಿಕೊಂಡು. ಒರೆಸುವಾಗಲೂ ಒಂದು ಕಣ್ಣು ಅದರ ಮೇಲಿರಲಿ ಎಂದು ನಾನೇ ತಿರುಗಿಸಿಟ್ಟಿದ್ದೆ. ಕಿವಿ ಕೇಳದವರಿಗೆ ಬರೆದು ತೋರಿಸಲು ಅನುಕೂಲವಾಗಲಿ ಎಂದು ಅಕ್ಷರಗಳನ್ನು ದೊಡ್ಡದಾಗಿಸಿಟ್ಟಿದ್ದರಿಂದ ಇಲ್ಲಿಂದಲೂ ಓದಬಹುದಿತ್ತು. ಬಾಯಲ್ಲಿ ಹೇಳಿದರೆ ಸಾಕು, ಅದೇ ಕರೆ ಮಾಡುವ ಫೋನು. ‘ಮನೆಗೆ ಕರೆ ಮಾಡು’ ಎಂದು ಗಂಟಲು ಹರಿಯುವಂತೆ ಕೂಗಿದೆ. ಅದು ಸುಮ್ಮನೆ ನನ್ನನ್ನೇ ನೋಡುತ್ತಾ ನಿಂತಿತ್ತು.

ಮನೆಯವರು ಹುಡುಕಿಕೊಂಡು ಬರುತ್ತಾರೆ, ಎಷ್ಟು ಹೊತ್ತಾದೀತು? ಕ್ಲಿನಿಕ್ಕಿನಿಂದ ನಮ್ಮ ಮನೆಗೆ ಎರಡು ಬೀದಿ. ಶನಿವಾರ ಊಟದ ಹೊತ್ತಿಗೆ ನಾನು ಮನೆ ಸೇರುವವಳು. ಇವತ್ತು ಸೇರದಿದ್ದರೆ ಗಾಬರಿಯಾಗುವುದಿಲ್ಲವೇ? ಹೀಗೆ ಯೋಚಿಸುತ್ತಿದ್ದಾಗಲೇ ಫೋನು ಬೆಳಗಿತು. ಗಂಡನ ಸಂದೇಶ: ‘ಯಾವಾಗ ಬರ್ತೀಯಾ?’

ಸಂತೋಷಕ್ಕೆ ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಅದರ ಕೆಳಗೇ ನನ್ನ ಉತ್ತರವೂ ಮೂಡಿತು: ‘ಸ್ವಲ್ಪ ತಡವಾಗುತ್ತೆ. ಊಟ ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊಳ್ಳಿ.’ ಗಂಡ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಫೋನು ಕಪ್ಪಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರೀಕ್ಷೆ ನಡೆಯುವಾಗ ನಾನು ಫೋನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಯಾವ ಸದ್ದು ಕಳಿಸಿದೆ ಎಂಬ ಲೆಕ್ಕ ತಪ್ಪುತ್ತದೆ. ಆದರೆ ನಮ್ಮ ಮನೆಯವರಿಗೆ ನಾನಿಲ್ಲದೆ ಉಪ್ಪಿನ ಡಬ್ಬಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಗಂಡ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬಿಡಿಸುವವರು, ಊರಿನವರ ಮನೆಯಲ್ಲಿ ಯಾವ ಗೋಡೆ ಎಲ್ಲಿರಬೇಕು ಎಂದು ಬಲ್ಲರು, ತಮ್ಮ ಕಾಲುಚೀಲ ಎಲ್ಲಿದೆ ಎಂದು ತಿಳಿಯರು. ಮಗಳು ಹೈಸ್ಕೂಲು, ಅಪ್ಪನ ಪಡಿಯಚ್ಚು. ದಿನವೂ ಅವೇ ಪ್ರಶ್ನೆ ಕೇಳಿ ನನ್ನ ತಲೆ ಚಿಟ್ಟು ಹಿಡಿಸುತ್ತಿದ್ದರು. ಕೊನೆಗೆ ಒಂದು ರಜೆಯ ದಿನ ಕೂತು ಸಂಸಾರವನ್ನೆಲ್ಲ ಸರಳ ಮಾಡಿಬಿಟ್ಟೆ. ವಾರಕ್ಕಾಗುವಷ್ಟು ತರಕಾರಿ ಭಾನುವಾರವೇ ಹೆಚ್ಚಿ ಬೇಯಿಸಿ ದಿನದ ಹೆಸರು ಅಂಟಿಸಿದ ಡಬ್ಬಿಗಳಲ್ಲಿ ಇಡುವುದು. ಬೀಗದ ಕೈಗೆ ಒಂದೇ ಮೊಳೆ, ಚಾರ್ಜರುಗಳಿಗೆ ಒಂದೇ ತಟ್ಟೆ, ಒಂದೊಂದಕ್ಕೂ ಅದರದೇ ಜಾಗ. ಫೋನಿಗೆ, ನಾನು ಕೆಲಸದಲ್ಲಿರುವಾಗ ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಕಲಿಸಿಟ್ಟೆ. ‘ಯಾವಾಗ’ ಎಂಬ ಮಾತಿದ್ದರೆ ತಡವಾಗುತ್ತೆ, ಊಟ ಫ್ರಿಜ್ಜಲ್ಲಿದೆ. ‘ಎಲ್ಲಿ’ ಎಂದಿದ್ದರೆ, ಅದರ ಜಾಗದಲ್ಲೇ ಇದೆ, ಸರಿಯಾಗಿ ನೋಡು. ಕರೆ ಬಂದರೆ, ಪರೀಕ್ಷೆಯಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ.

ಅಡುಗೆಮನೆಯ ಶೆಲ್ಫಿನಲ್ಲಿ ಮಾತಾಡುವ ಸ್ಪೀಕರ್ ಒಂದನ್ನೂ ತಂದಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ‘ಡಬ್ಬಿ’ ಎಂದೇ ಹೆಸರು. ಅದರ ಸ್ವಂತ ದನಿ ಎಷ್ಟು ಸಪ್ಪೆ ಎಂದರೆ ಯಾರೂ ಸೊಪ್ಪು ಹಾಕುತ್ತಿರಲಿಲ್ಲ. ಅದಕ್ಕೆ ನನ್ನ ದನಿಯಲ್ಲೇ ಎಲ್ಲ ಹೇಳಿ ತುಂಬಿಸಿದೆ: ಏಳಿ, ನೀರು ಬಂತು, ಮಾತ್ರೆ ತಗೊಳ್ಳಿ, ಊಟಕ್ಕೆ ಬನ್ನಿ. ಯಾರಾದರೂ ‘ಆಯ್ತು’ ಅನ್ನುವವರೆಗೂ ಅದು ಬಿಡುವುದಿಲ್ಲ. ಒಂದು ವಾರದಲ್ಲಿ ಮನೆ ಎಷ್ಟು ಹದಕ್ಕೆ ಬಂತೆಂದರೆ, ನಾನು ಬೈಯುವುದನ್ನೇ ಬಿಟ್ಟೆ. ಅಕ್ಕಪಕ್ಕದವರು ಬಂದು ನೋಡಿ, ನಮಗೂ ಹೇಳಿಕೊಡಿ ಎಂದು ಕೇಳಿಕೊಂಡು ಹೋದರು. ನನಗೆ ಜಂಬ ಬಂದದ್ದು ಸುಳ್ಳಲ್ಲ.

ಈಗ ಗಾಜಿನ ಹಿಂದೆ ನಿಂತು ನನ್ನ ಸಂಸಾರ ನಾನಿಲ್ಲದೆ ನಡೆಯುವುದನ್ನು ನೋಡುತ್ತಿದ್ದೆ. ಮಗಳು ಬಿಳಿ ಶೂ ಎಲ್ಲಿ ಎಂದು ಕೇಳಿದಳು. ಅದರ ಜಾಗದಲ್ಲೇ ಇದೆ ಎಂದು ನಾನು ಹೇಳಿದೆ. ಗಂಡ ಒಮ್ಮೆ ಕರೆ ಮಾಡಿದರು, ನಾನು ಪರೀಕ್ಷೆಯಲ್ಲಿದ್ದೆ. ಶನಿವಾರ ಮಧ್ಯಾಹ್ನದ ಮೇಲೆ ಯಾವ ಪರೀಕ್ಷೆ ಎಂದು ಈ ಮನುಷ್ಯನಿಗೆ ಯಾಕೆ ಹೊಳೆಯಬಾರದು? ಗಾಜಿನೊಳಗಿಂದ ಬೈದೆ, ಬೇಡಿಕೊಂಡೆ. ಇನ್ನೊಂದು ಸಲ ಮಾಡಿ, ಮೂರು ಸಲ ಮಾಡಿದರೆ ಅನುಮಾನ ಬರುತ್ತೆ, ಮಾಡಿ ಅಂದೆ. ಅವರು ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿದೆಯಲ್ಲ.

ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು. ಒಳಗೆ ಸೆಕೆ ಏರಿತು, ಸೀರೆ ಬೆನ್ನಿಗಂಟಿತು, ನಾಲಿಗೆ ಒಣಗಿತು. ಗಾಳಿ ಸಾಕಾಗುತ್ತದೋ ಇಲ್ಲವೋ ಎಂಬ ಯೋಚನೆ ಒಮ್ಮೆ ಹೊಕ್ಕ ಮೇಲೆ ಪ್ರತಿ ಉಸಿರನ್ನೂ ಹಿಡಿದು ಹಿಡಿದು ಎಳೆಯತೊಡಗಿದೆ. ಬಾಗಿಲ ಕೆಳಗೆ ಬೆರಳು ತೂರಿಸಲು ನೋಡಿದೆ, ಕೂದಲೆಳೆಯಷ್ಟೂ ಸಂದಿಲ್ಲ. ಆ ಕೋಣೆಯಲ್ಲಿ ಸುಮ್ಮನೆ ಕೂತರೆ ತನ್ನ ರಕ್ತ ಓಡುವುದೇ ಕಿವಿಗೆ ಕೇಳುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಅಂಥವರನ್ನು ನಾನು ನಕ್ಕು ಸಮಾಧಾನ ಮಾಡುತ್ತಿದ್ದೆ. ಈಗ ನನಗೂ ಕೇಳಿಸಿತು. ಪರೀಕ್ಷೆಯ ಗುಂಡಿ ಕೈಗೆ ಸಿಕ್ಕಿತು. ಮೆಷಿನ್ ಆರಿದೆ, ದೀಪ ಹತ್ತುವುದಿಲ್ಲ ಎಂದು ಗೊತ್ತಿದ್ದೂ ಅದನ್ನು ಒತ್ತುತ್ತಾ ಕೂತೆ. ನನಗೆ ಭಯವಾಗಿತ್ತು. ಸಾಯುವ ಭಯಕ್ಕಿಂತ ಇನ್ನೊಂದು ದೊಡ್ಡದಾಗಿತ್ತು: ಸೋಮವಾರದವರೆಗೂ ಯಾರಿಗೂ ಗೊತ್ತಾಗದೇ ಇದ್ದರೆ?

ಫೋನು ಮತ್ತೆ ಬೆಳಗಿತು. ಮಗಳು. ಈ ಸಲ ಶೂ ಅಲ್ಲ, ಪುಸ್ತಕವೂ ಅಲ್ಲ. ‘ಅಮ್ಮ, ಎಲ್ಲಿದ್ದೀಯಾ?’

ನಾನು ಎರಡೂ ಅಂಗೈಗಳನ್ನು ಗಾಜಿಗೆ ಊರಿದೆ. ಬೇಡ, ಉತ್ತರ ಕೊಡಬೇಡ, ಇದೊಂದಕ್ಕೆ ಸುಮ್ಮನಿರು ಎಂದು ಫೋನಿಗೆ ಹೇಳಿದೆ. ಅದು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುವ ಫೋನು. ‘ಅದರ ಜಾಗದಲ್ಲೇ ಇದೆ, ಸರಿಯಾಗಿ ನೋಡು’ ಎಂದಿತು. ಮಗಳು ನಗುವ ಮುಖಗಳನ್ನು ಸಾಲಾಗಿ ಕಳಿಸಿದಳು. ಅಮ್ಮ ತಮಾಷೆ ಮಾಡಿದಳು ಎಂದುಕೊಂಡಳು, ಪಾಪ.

ಅಲ್ಲಿಯವರೆಗೂ ತಡೆದಿದ್ದ ಅಳು ಆಗ ಬಂತು. ಮುರಿದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬಿಕ್ಕಿದೆ. ಅಳುತ್ತಲೇ ಇನ್ಯಾರು ಉಳಿದರು ಎಂದು ಲೆಕ್ಕ ಹಾಕಿದೆ. ಉಳಿದವರು ಅತ್ತೆ.

ನಮ್ಮ ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಊರಿಗೆಲ್ಲ ಕಿವಿ ಕೊಡಿಸುವವಳ ಮನೆಯಲ್ಲೇ ಹೀಗೆ ಎಂದು ಗಂಡ ಆಡಿಕೊಳ್ಳುತ್ತಾರೆ. ಇದೇ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಇದ್ದುದರಲ್ಲಿ ಒಳ್ಳೆಯ ಕಿವಿ ಮೆಷಿನ್ ಹಾಕಿದ್ದೆ. ತಲೆಯೊಳಗೆ ಸಂತೆ ಸೇರಿದ ಹಾಗಾಗುತ್ತದೆ ಎಂದು ಅದನ್ನು ಕಪಾಟಿಗೆ ಹಾಕಿಬಿಟ್ಟರು. ಎದುರಿನವರ ತುಟಿ ನೋಡಿದರೆ ಅವರಿಗೆ ಎಲ್ಲ ತಿಳಿಯುತ್ತದೆ. ‘ಮುಖ ತೋರಿಸಿ ಮಾತಾಡೋರು ಮಾತಾಡ್ಲಿ, ಬೆನ್ನು ಹಾಕಿ ಮಾತಾಡೋರ ಮಾತು ನನಗೆ ಬೇಡ’ ಅನ್ನುವುದು ಅವರ ವಾದ. ಹಾಗಾಗಿ ಡಬ್ಬಿ ಎಷ್ಟು ಕೂಗಿದರೂ ಅತ್ತೆಗೆ ಗೋಡೆಗೆ ಹೇಳಿದ ಹಾಗೆ. ನನ್ನ ಇಷ್ಟೆಲ್ಲ ಏರ್ಪಾಡಿನಲ್ಲಿ ಹದಕ್ಕೆ ಬಾರದೆ ಉಳಿದವರು ಅವರೊಬ್ಬರೇ. ಅವರಿಗೆ ಮಾತ್ರ ನಾನೇ ಹೋಗಿ ಭುಜ ಮುಟ್ಟಿ, ಅವರು ತಿರುಗಿದ ಮೇಲೆ ಹೇಳಬೇಕು. ಮೊನ್ನೆ ಕಣ್ಣಿನ ಆಪರೇಷನ್ ಆದ ಮೇಲೆ ಡ್ರಾಪ್ಸ್ ಹಾಕುವ ಕೆಲಸವೂ ಸೇರಿತ್ತು. ದಿನಕ್ಕೆ ಎಷ್ಟು ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು ಎಂದು ನಾನು ಗೊಣಗದ ದಿನವಿರಲಿಲ್ಲ.

ಅದಕ್ಕೂ ಒಂದು ಉಪಾಯ ತಂದಿದ್ದೆ. ಕೈಗೆ ಕಟ್ಟುವ ಪಟ್ಟಿ, ಹೊತ್ತಿಗೆ ಸರಿಯಾಗಿ ಗುರ್ ಗುರ್ ಎಂದು ನಡುಗುತ್ತದೆ. ನಡುಗಿದಾಗ ಎದ್ದು ಮೊಮ್ಮಗಳ ಹತ್ತಿರ ಹೋಗಿ ಡ್ರಾಪ್ಸ್ ಹಾಕಿಸಿಕೊಳ್ಳಿ ಎಂದು ಅತ್ತೆಗೆ ಹೇಳುವವಳಿದ್ದೆ. ಇವತ್ತು ಸಂಜೆಯೇ ಕಟ್ಟಬೇಕೆಂದು ಬೆಳಿಗ್ಗೆ ಅಂಗಡಿಯಿಂದ ತಂದ ಪಟ್ಟಿ, ಗಾಜಿನಾಚೆ ನನ್ನ ಕೈಚೀಲದಲ್ಲಿತ್ತು. ನಿನ್ನೆಯೇ ಕಟ್ಟಿದ್ದರೆ ಈ ಜಗತ್ತಿನಲ್ಲಿ ನನ್ನನ್ನು ಕಾಯುವವರು ಒಬ್ಬರೂ ಇರುತ್ತಿರಲಿಲ್ಲ.

ಹೊತ್ತು ಹೋಯಿತು. ನೆಲದ ಬಿಸಿಲು ಗೋಡೆಗೆ ಹತ್ತಿ ಕೆಂಪಾಗಿತ್ತು. ಕಣ್ಣು ಮುಚ್ಚಿ ಒರಗಿದ್ದವಳು ಬೆಳಕು ಬದಲಾದದ್ದು ತಿಳಿದು ಎದ್ದೆ. ಹೊರ ಕೋಣೆಯ ಬಾಗಿಲು ತೆರೆದಿತ್ತು. ವಾಚ್‌ಮನ್ ನಿಂತಿದ್ದ, ಅವನ ಮುಂದೆ ಕಪ್ಪು ಕನ್ನಡಕ ಹಾಕಿಕೊಂಡು, ಕೋಲು ಊರಿಕೊಂಡು ನಮ್ಮ ಅತ್ತೆ.

ವಾಚ್‌ಮನ್ ಓಡಿ ಬಂದು ಹೊರಗಿನ ಹಿಡಿಕೆ ತಿರುಗಿಸಿದ. ಕಂಬಿ ನನ್ನ ಬಳಿ ಇತ್ತಲ್ಲ, ಅದು ಸುಮ್ಮನೆ ಗಿರಗಿರ ತಿರುಗಿತು. ಅವನು ಏನೇನೋ ಕೂಗಿದ. ನಾನೂ ಕೂಗಿದೆ. ದಪ್ಪ ಮೀಸೆಯ ಕೆಳಗೆ ಅವನ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಒಂದಕ್ಷರ ತಿಳಿಯಲಿಲ್ಲ. ಅವನು ಭುಜದಿಂದ ಬಾಗಿಲಿಗೆ ಗುದ್ದಿದ, ಆಮೇಲೆ ಯಾರನ್ನಾದರೂ ಕರೆತರುತ್ತೇನೆ ಎಂಬಂತೆ ಹೊರಗೆ ಕೈ ತೋರಿಸಿದ. ಅವನು ಹೋಗುತ್ತಾನೆ, ಮತ್ತೆ ಬಾಗಿಲು ಮುಚ್ಚುತ್ತದೆ ಎಂದು ನಾನು ಇನ್ನೂ ಜೋರಾಗಿ ಕಿರುಚಿದೆ.

ಅತ್ತೆ ಅವನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ಕಿಟಕಿಗೆ ಬಂದರು. ಕಪ್ಪು ಕನ್ನಡಕವನ್ನು ಹಣೆಗೇರಿಸಿ ನನ್ನ ಬಾಯಿಯನ್ನೇ ನೋಡಿದರು. ಕೈಯಾಡಿಸಿ ನಿಧಾನ ಎಂದರು. ಕಿರುಚಿದರೆ ಬಾಯಿ ಸೊಟ್ಟಗಾಗುತ್ತದೆ, ಏನೂ ತಿಳಿಯುವುದಿಲ್ಲ ಎಂದು ಮನೆಯಲ್ಲಿ ಅವರು ನನಗೆ ಎಷ್ಟು ಸಲ ಹೇಳಿಲ್ಲ. ಉಸಿರೆಳೆದು, ಮನೆಯಲ್ಲಿ ಎದುರು ಕೂತು ಹೇಳುವ ಹಾಗೆ ಮೆಲ್ಲಗೆ ಹೇಳಿದೆ: ಮೇಜಿನ ಕೆಳಗಿನ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಇದೆ, ಹಿಡಿಕೆ ಎಳೆದು ತೆಗೆದು ಆ ತೂತಿನೊಳಗೆ ತೂರಿಸಿ ತಿರುಗಿಸಲು ಹೇಳಿ. ಅತ್ತೆ ಒಂದು ಸಲ ತಲೆಯಾಡಿಸಿದರು, ವಾಚ್‌ಮನ್ ಕಡೆ ತಿರುಗಿದರು. ಅವನು ಡ್ರಾಯರಿಗೆ ಕೈ ಹಾಕಿದ.

ಬಾಗಿಲು ತೆರೆದಾಗ ಮೊದಲು ಬಂದದ್ದು ಗಾಳಿ, ಅದರ ಹಿಂದೆಯೇ ಬೀದಿಯ ಗದ್ದಲವೆಲ್ಲ. ಅತ್ತೆ ನನ್ನ ತೋಳು ಹಿಡಿದುಕೊಂಡರು. ವಾಚ್‌ಮನ್, ಎಲ್ಲ ಹಸಿರಿತ್ತು ಮೇಡಂ, ಅಮ್ಮಾವ್ರು ಗೇಟಿನಲ್ಲಿ ಬಂದು ನಿಂತು ಶಟರ್ ತೆಗೆಯೋವರೆಗೂ ಅಲ್ಲಾಡಲ್ಲ ಅಂದ್ರು ಎಂದು ಒಂದೇ ಸಮನೆ ಹೇಳುತ್ತಿದ್ದ. ಅವನದೇನೂ ತಪ್ಪಿಲ್ಲ ಎಂದು ಹೇಳಿ ನೀರು ಕುಡಿದೆ.

ಅತ್ತೆ ನನ್ನ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಡ್ರಾಪ್ಸ್ ಹಾಕೋ ಹೊತ್ತಾಯ್ತು ಅಂತ ತಲೆ ಹಿಂದಕ್ಕೆ ಹಾಕ್ಕೊಂಡು ಕೂತಿದ್ದೆ ಕಣೇ. ಕೂತೇ ಇದ್ದೆ. ಕತ್ತು ನೋಯೋಕೆ ಶುರುವಾಯ್ತು, ನೀನು ಬರಲಿಲ್ಲ. ನಿನ್ನ ಗಂಡನ್ನ ಕೇಳಿದ್ರೆ ಫೋನ್ ತೋರಿಸ್ದ, ತಡವಾಗುತ್ತಂತೆ ಅಂತ. ನೀನು ಊಟ ತಪ್ಪಿಸ್ತೀಯ, ಡ್ರಾಪ್ಸ್ ತಪ್ಪಿಸಲ್ಲ. ನನಗೆ ಗೊತ್ತಿಲ್ವಾ?”

ದಿನವೂ ಗೊಣಗಿಕೊಂಡೇ ಮುಟ್ಟುತ್ತಿದ್ದ ಆ ಭುಜಕ್ಕೆ ತಲೆ ಇಟ್ಟೆ. ಆಮೇಲೆ ಅಲ್ಲೇ ಕೂರಿಸಿ, ಅವರೇ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಡ್ರಾಪ್ಸ್ ಬಿಚ್ಚಿ ಕಣ್ಣಿಗೆ ಹಾಕಿದೆ. ಎರಡು ಹನಿ ಕೆನ್ನೆಗೆ ಬಿದ್ದವು, ಅತ್ತೆ ಬೆರಳಿನಿಂದ ಒರೆಸಿಕೊಂಡರು.

ಇಬ್ಬರೂ ನಡೆದು ಮನೆಗೆ ಬಂದೆವು. ಎರಡೇ ಬೀದಿಯಾದರೂ ಅತ್ತೆ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಮನೆಗೆ ಹೋಗಿ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಗಂಡನಿಗೆ ಹೇಗೆ ಬೈಯಬೇಕು, ಮಗಳನ್ನು ಹೇಗೆ ಅಪ್ಪಿಕೊಳ್ಳಬೇಕು, ಎಲ್ಲ. ಬಾಗಿಲು ತೆರೆದಾಗ ಒಳಗೆ ದೀಪ ಹತ್ತಿತ್ತು. ಗಂಡ ನಕ್ಷೆಯ ಮುಂದೆ ಕೂತಿದ್ದರು, ಮಗಳು ಸೋಫಾದಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಲು ಚಾಚಿದ್ದಳು. ಶನಿವಾರದ ಊಟದ ಡಬ್ಬಿ ತೊಳೆದು ಬೋರಲು ಹಾಕಿತ್ತು. ಎಲ್ಲವೂ ಅದರದರ ಜಾಗದಲ್ಲಿತ್ತು.

ಗಂಡ ಕತ್ತು ಅರ್ಧ ತಿರುಗಿಸಿದರು.

“ಅರೆ, ಅಮ್ಮನ್ನೂ ಕರ್ಕೊಂಡು ಹೋಗಿದ್ಯಾ? ಬೇಗ ಬಂದ್ಯಲ್ಲ, ನೀನೇ ತಡವಾಗುತ್ತೆ ಅಂದಿದ್ದೆ.”

ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ದನಿ ಬಂತು. ಕತ್ತಲಾಗುತ್ತಿದ್ದಂತೆ ಊಟ ಮುಗಿಸಬೇಕು ಅನ್ನುವುದೂ ನನ್ನದೇ ನಿಯಮ. ‘ಊಟಕ್ಕೆ ಬನ್ರೋ ಎಲ್ರೂ, ತಣ್ಣಗಾಗುತ್ತೆ’ ಎಂದು ಅಲ್ಲಿಂದ ನಾನು ಕರೆದೆ. ಎಷ್ಟು ಲವಲವಿಕೆಯ ದನಿ ಅದು, ದಣಿವೇ ಇಲ್ಲ, ಅತ್ತಿದ್ದರ ಸುಳಿವಿಲ್ಲ.

“ಆಯ್ತು,” ಎಂದರು ಗಂಡ.

“ಬಂದೆ ಅಮ್ಮಾ,” ಎಂದಳು ಮಗಳು, ಅಡುಗೆಮನೆಯ ಕಡೆ ನೋಡುತ್ತಾ. ಎದ್ದು ನನ್ನ ಪಕ್ಕದಿಂದಲೇ ಹಾದುಹೋದಳು.

ಅತ್ತೆ ಮೊಮ್ಮಗಳ ತುಟಿ ನೋಡಿದ್ದರು. ನನ್ನ ಕಡೆ ತಿರುಗಿ, ಮುಚ್ಚಿದ ನನ್ನ ಬಾಯಿಯನ್ನು ನೋಡಿದರು. ಅವರಿಗೆ ಗೊಂದಲವಾಗಿತ್ತು.

“ನೀನು ಬಾಯೇ ಬಿಡಲಿಲ್ವಲ್ಲೇ. ಇವಳು ಯಾರಿಗೆ ಬಂದೆ ಅಂದ್ಲು?”

ಅವರಿಗೆ ಕಾಣುವ ಹಾಗೆ ದೀಪದ ಕಡೆ ಮುಖ ಮಾಡಿ ನಿಂತೆ. ಸದ್ದಿಲ್ಲದೆ, ಬರೀ ತುಟಿಯಲ್ಲಿ ಹೇಳಿದೆ.

“ನನಗಲ್ಲ ಅತ್ತೆ.”